ಮೌನೇಶಪ್ಪನವರ ಜೋಡಿ

ಮೌನೇಶಪ್ಪನವರನ್ನು ಕೊಂದದ್ದು ಸದನದ ಮೊಗಸಾಲೆಯಲ್ಲಿ, ಹಾಡುಹಗಲು, ಅವರು ಚಹದ ಲೋಟ ಹಿಡಿದು ನಿಂತಿದ್ದಾಗ. ಕೊಂದವನು ಕ್ಯಾಂಟೀನಿನವರ ಅಂಗಿ ತೊಟ್ಟಿದ್ದ. ಉಳ್ಳಾಗಡ್ಡಿ ಹೆಚ್ಚುವ ಚಾಕುವನ್ನು ಮುದುಕರ ಕುತ್ತಿಗೆಯ ಪಕ್ಕಕ್ಕೆ ಹಾಕಿ, ಎಳೆದು, ಮತ್ತೊಮ್ಮೆ ಹಾಕಿದ. ಅವರು ಲೋಟವನ್ನು ಬಿಡದೆಯೇ ಗೋಡೆಗೆ ಒರಗಿ ಕುಸಿದರು. ಹಿಂದಿನ ಸಭಾಧ್ಯಕ್ಷರ ಪಟಗಳ ಗಾಜಿನ ಮೇಲೆಲ್ಲ ರಕ್ತ ಚಿಮ್ಮಿತು. ಮಾರ್ಷಲ್‌ಗಳು ಕೊಲೆಗಾರನನ್ನು ಹಿಡಿದು ಅಲ್ಲೇ ಬೂಟುಗಾಲಿನಲ್ಲಿ ತುಳಿದು ಕೊಂದುಹಾಕಿದರು. ಯಾರು ಕಳಿಸಿದ್ದು ಎಂದು ಕೇಳುವ ಉಸಾಬರಿಗೆ ಯಾರೂ ಹೋಗಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

ಅದೇ ಹೊತ್ತಿಗೆ ಮೇಲಿನ ಮಹಡಿಯ ನಾಡಿಕೋಣೆಯಲ್ಲಿ ಒಂದು ಹಸಿರು ದೀಪ ಆರಿತು. ಆ ಕೋಣೆಯ ಮುಖ್ಯಸ್ಥ ಅಮರೇಶ ಕುರ್ಚಿಯಿಂದ ಎದ್ದು ನಿಂತ. ಅವನೆದುರಿನ ಫಲಕದಲ್ಲಿ ಒಂದೊಂದು ಕಾನೂನಿಗೆ ಒಂದೊಂದು ಸಾಲು ದೀಪಗಳು. ‘ಊರಡಿ ಗಣಿ ನಿಷೇಧ’ ಎಂಬ ಸಾಲಿನಲ್ಲಿ ಬೆಳಗಿನ ತನಕ ಮೂವತ್ತೊಂದು ಹಸಿರು, ಮೂವತ್ತು ಕೆಂಪು ಇದ್ದವು. ಈಗ ಎರಡೂ ಮೂವತ್ತು. ಆ ಕೆಂಪು ದೀಪಗಳಲ್ಲಿ ಒಂದು ಅವನ ಹೆಂಡತಿ ಹುಲಿಗೆಮ್ಮನದು.

ದೀಪ ಆರಿದರೆ ಕಾನೂನಿಗೇನಾಯಿತು ಎಂದು ಹೊರಗಿನವರು ಕೇಳಿಯಾರು. ನಮ್ಮ ಪ್ರಾಂತದಲ್ಲಿ ಆಗುತ್ತದೆ. ಎರಡು ನದಿಗಳ ನಡುವಿನ ಈ ನೆಲಕ್ಕೆ ಮೇಲಿನ ಸರ್ಕಾರ ಸ್ವಂತ ಸಭೆಯೊಂದನ್ನು ಬಿಟ್ಟುಕೊಟ್ಟಾಗ ನಾವೆಲ್ಲ ಉಬ್ಬಿಹೋಗಿದ್ದೆವು. ಸೈನ್ಯ, ನಾಣ್ಯ ಅವರಿಗೆ. ನೆಲ, ನೀರು, ಶಾಲೆ, ಗಣಿ ನಮಗೆ. ಎಂದೋ ಸತ್ತುಹೋದವರು ಮಾಡಿಟ್ಟ ಕಾನೂನುಗಳ ಕೆಳಗೆ ನರಳಿ ಸಾಕಾಗಿದ್ದ ನಮ್ಮ ಹಿರಿಯರು ಆಗ ಒಂದು ಹೊಸ ನಿಯಮ ಬರೆದರು: ಮತ ಹಾಕಿದವರು ಬದುಕಿರುವಷ್ಟು ದಿನ ಮಾತ್ರ ಅವರ ಮತವೂ ಬದುಕಬೇಕು. ಸದಸ್ಯನಾದವನ ಕೊರಳೆಲುಬಿನ ಕೆಳಗೆ ಜೋಳದ ಕಾಳಿನಷ್ಟು ದೊಡ್ಡ ನಾಡಿಗುಂಡು ಕೂರಿಸುತ್ತಾರೆ. ಅವನು ಹಾಕಿದ ಮತವೆಲ್ಲ ಅದರಲ್ಲಿ ಬೀಗ ಬಿದ್ದು ಕೂರುತ್ತದೆ. ಆಮೇಲೆ ಹೆದರಿಸಿದರೂ ಬದಲಾಗದು, ಕೊಂಡರೂ ಬದಲಾಗದು. ಅವನ ಎದೆ ಬಡಿಯುತ್ತಿರುವಷ್ಟು ಕಾಲ ಫಲಕದಲ್ಲಿ ಅವನ ದೀಪ ಉರಿಯುತ್ತದೆ, ಹೌದು ಎಂದಿದ್ದರೆ ಹಸಿರು, ಇಲ್ಲ ಎಂದಿದ್ದರೆ ಕೆಂಪು. ಬದುಕಿರುವ ಹಸಿರು ಬದುಕಿರುವ ಕೆಂಪಿಗಿಂತ ಹೆಚ್ಚಿದ್ದರೆ ಕಾನೂನು ನಿಲ್ಲುತ್ತದೆ, ಕಡಿಮೆಯಿದ್ದರೆ ಬೀಳುತ್ತದೆ.

ಮೊದಮೊದಲು ಬಲು ಚೆನ್ನಾಗಿತ್ತು. ಜನ ತಮ್ಮ ಸದಸ್ಯರ ಆರೋಗ್ಯಕ್ಕೆ ಹರಕೆ ಹೊತ್ತರು, ಇದು ಭೂಮಿಯ ಮೇಲೆ ಮೊದಲ ಸಲ ಇರಬೇಕು. ಸಕ್ಕರೆ ಕಾಯಿಲೆಯ ಸದಸ್ಯನ ಕೈಯಿಂದ ಮತದಾರರೇ ಮಂಡಿಗೆ ಕಸಿದುಕೊಂಡದ್ದೂ ಉಂಟು. ಆಮೇಲೆ ಯಾವನಿಗೋ ಹೊಳೆಯಿತು. ಒಂದು ಕಾನೂನನ್ನು ತೆಗೆಯಬೇಕಾದರೆ ಸದನದಲ್ಲಿ ಸೂಚನೆ ಮಂಡಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ಚರ್ಚೆಯಾಗಬೇಕು, ಮತಕ್ಕೆ ಹಾಕಬೇಕು. ಚಾಕುವಿಗೆ ಇದ್ಯಾವುದೂ ಬೇಡ. ರಸ್ತೆ ಸುಂಕದ ಕಾನೂನಿಗಾಗಿ ಒಬ್ಬನನ್ನು ಕಾಲುವೆಗೆ ನೂಕಿದರು. ಹೆಂಡದ ಕಾನೂನಿಗಾಗಿ ಇಬ್ಬರನ್ನು ಕಾರಿನೊಳಗೆ ಸುಟ್ಟರು. ನಾವು ಅದಕ್ಕೂ ಹೊಂದಿಕೊಂಡೆವು. ಸದಸ್ಯರ ಮನೆಗೆ ಹೆಣ್ಣು ಕೊಡುವುದನ್ನು ಬಿಟ್ಟೆವು, ಅಷ್ಟೆ.

ಸದಸ್ಯರು ತಮ್ಮ ಜೀವ ಉಳಿಸಿಕೊಳ್ಳಲು ಕಂಡುಕೊಂಡ ಒಂದೇ ದಾರಿ ‘ಜೋಡಿ’. ಒಂದು ಕಾನೂನಿಗೆ ಹೌದು ಎಂದವನೂ ಇಲ್ಲ ಎಂದವನೂ ಕೈಯಲ್ಲಿ ಕೈಯಿಟ್ಟು ಮಾತು ಕೊಡುತ್ತಾರೆ: ನಿನ್ನನ್ನು ಕೊಂದರೆ ನನ್ನ ಮತವನ್ನು ನಾನು ಸುಮ್ಮನಾಗಿಸುತ್ತೇನೆ. ಆಗ ಕೊಂದವನಿಗೆ ಏನೂ ದಕ್ಕುವುದಿಲ್ಲ. ಆದರೆ ಬದುಕುಳಿದವನು ಅದನ್ನು ಮೊದಲು ಸದನದ ನೆಲದ ಮೇಲೆಯೇ ನಿಂತು ಹೇಳಬೇಕು. ಹೊರಗೆ ಬಾಯಿಬಿಟ್ಟರೆ ಮತ ಮಾರಿಕೊಂಡಂತೆ ಲೆಕ್ಕ, ಜೋಡಿ ಮುರಿದಂತೆ. ಹೇಳಿದ ಮೇಲೆ ಸತ್ತವನ ಕಡೆಯ ಒಬ್ಬರು ಎದ್ದು ಅನುಮೋದಿಸಬೇಕು. ಆ ಮತ ಆ ಅಧಿವೇಶನ ಮುಗಿಯುವವರೆಗೆ ಸುಮ್ಮನಿರುತ್ತದೆ, ಮುಂದಿನ ಅಧಿವೇಶನದಲ್ಲಿ ಮತ್ತೆ ಕೇಳಬೇಕು.

ಆ ಸಂಜೆ ಅಮರೇಶ ಬಂಡೆಪೇಟೆಯ ಮನೆಗೆ ಬಂದಾಗ ಗೋಡೆಯ ಮಾಡದಲ್ಲಿಟ್ಟ ಗಿಂಡಿಗಳು ಸಣ್ಣಗೆ ನಡುಗುತ್ತಿದ್ದವು. ಊರಿನ ಕೆಳಗೆ ಲಿಥಿಯಂ ಇದೆ. ಆಚೆಯ ಗಣಿ ಕ್ಯಾಂಪಿನಿಂದ ಸುರಂಗ ಕೊರೆಯುತ್ತ ಬಂದು ಊರಿನ ಎಲ್ಲೆಯಲ್ಲಿ ನಿಂತ ಯಂತ್ರಗಳು ಹಗಲಿರುಳು ಗುರುಗುಡುತ್ತಿದ್ದವು. ಮೌನೇಶಪ್ಪನವರು ಮಂಡಿಸಿದ್ದ ಕಾನೂನೊಂದೇ ಅವುಗಳನ್ನು ತಡೆದಿತ್ತು. ಅದು ಬಿದ್ದರೆ ಮೇಲಿನ ಕಲ್ಲುಮನೆಗಳು ಒಂದು ವಾರವೂ ನಿಲ್ಲುವುದಿಲ್ಲವೆಂದು ಕಲ್ಲು ಕಡಿಯುವ ಊರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾನೂನಿಗೆ ಸರಿಸಮ ಮತ ಬಂದರೆ ಸಭಾಧ್ಯಕ್ಷರು ನಿರ್ಣಾಯಕ ಮತ ಹಾಕಬೇಕು. ಬಹುಮತವಿಲ್ಲದ ಕಾನೂನನ್ನು ಸಭಾಧ್ಯಕ್ಷರು ಉಳಿಸುವುದಿಲ್ಲ ಎಂಬುದು ನಮ್ಮ ಸದನದ ಸಂಪ್ರದಾಯ. ನಾಳೆ ಸದನದಲ್ಲಿ ಎಣಿಕೆ, ಕಾನೂನು ಬೀಳುವುದು ಖಂಡಿತವಿತ್ತು.

ಹುಲಿಗೆಮ್ಮ ಆ ಊರಿನ ಸೊಸೆ, ಆದರೆ ಗೆದ್ದುಬಂದದ್ದು ಗಣಿ ಕ್ಯಾಂಪಿನಿಂದ. ಅವಳ ಅಪ್ಪ ಅಣ್ಣಂದಿರು ಗಣಿಯಲ್ಲೇ ದುಡಿದವರು. ಅವಳು ಕಾನೂನಿಗೆ ಇಲ್ಲ ಎಂದು ಮತ ಹಾಕಿದ್ದು ಅದಕ್ಕೆ. ಪಕ್ಕದ ಮನೆಯ ಕಲ್ಲುಕುಟಿಗ ಹುಸೇನಪ್ಪ ಬಾಗಿಲಲ್ಲಿ ನಿಂತು ಅದನ್ನೇ ಕೇಳುತ್ತಿದ್ದ.

“ನಾಳಿ ಏನಾಗ್ತೈತಿ ಯಕ್ಕಾ?”

“ನಾಳಿ ಸದನದಾಗ ಆಗೂದನ್ನ ಇವತ್ತ ಹೊರಗ ಹೇಳೂಹಂಗಿಲ್ಲ ತಮ್ಮಾ.”

“ನಮ್ಮ ನೆಲದ ಮ್ಯಾಲ ಕುಂತು ಉಂಡು, ನಮ್ಮ ನೆಲಾನ ಅಗಿಯಾಕ ಕೊಟ್ಟಿ. ಹಸಗೂಸು ಐತಿ ನನ್ನ ಮನ್ಯಾಗ. ಎಲ್ಲಿ ಹೋಗಲಿ?”

“ಕ್ಯಾಂಪಿನ್ಯಾಗೂ ಹಸಗೂಸು ಅದಾವು ಹುಸೇನಪ್ಪ. ಅವಕ್ಕೂ ಹೊಟ್ಟಿ ಐತಿ.”

ಅಮರೇಶನ ತಾಯಿ ಅಯ್ಯಮ್ಮ ಒಲೆಯ ಮುಂದಿನಿಂದಲೇ ಕೂಗಿದಳು, “ಮೊದ್ಲ ಅವಂಗ ರೊಟ್ಟಿ ಪುಂಡಿಪಲ್ಯ ಹಾಕ್ರಿ. ಜಗಳ ಉಂಡ ಮ್ಯಾಲ ಮಾಡ್ರಿ.”

“ಈ ಮನಿ ಅನ್ನ ಸಾಕಾತು ಯವ್ವಾ,” ಎಂದು ಹುಸೇನಪ್ಪ ಹೊರಟುಹೋದ. ಅಯ್ಯಮ್ಮನಿಗೆ ಅದು ಕೆನ್ನೆಗೆ ಹೊಡೆದಂತಾಯಿತು. ಅವನು ಚಿಕ್ಕಂದಿನಿಂದ ಅವಳ ಕೈರೊಟ್ಟಿ ತಿಂದು ಬೆಳೆದವನು.

ಅವನ ಹೆಜ್ಜೆಸಪ್ಪಳ ದೂರವಾದ ಮೇಲೆ ಹುಲಿಗೆಮ್ಮ ಉಣ್ಣುತ್ತಿದ್ದ ಗಂಡನ ಪಕ್ಕ ಬಂದು ಕೂತಳು.

“ಗಂಡಗ ಹೇಳಿದ್ರ ಹೊರಗ ಹೇಳಿದಂಗಲ್ಲ, ಹೌದಿಲ್ರಿ?”

“ಏನು?”

“ಮೌನೇಶಪ್ಪಣ್ಣಗ ನಾನ ಜೋಡಿ.”

ಅಮರೇಶ ತುತ್ತು ಕೈಯಲ್ಲಿಟ್ಟುಕೊಂಡೇ ಅವಳ ಮುಖ ನೋಡಿದ. ಒಂದು ದಿನ ಅವಳು ಸದನದ ಕ್ಯಾಂಟೀನಿನಲ್ಲಿ ಸುಸಲಾ ತಿನ್ನುತ್ತ ಕೂತಿದ್ದಾಗ ಮುದುಕರು ಬಂದು ಎದುರಿಗೆ ಕೂತರಂತೆ. ಎಲ್ಲರೂ ಜೋಡಿ ಮಾಡ್ಕೊಂಡಾರ, ನನಗ ಯಾರೂ ಸಿಗವಲ್ಲರು, ಯಾಕಂದ್ರ ಎಲ್ಲರಿಗೂ ನಾ ಸತ್ರ ಲಾಭ ಐತಿ ಎಂದು ನಕ್ಕರಂತೆ. ಅವಳು ಎಂಜಲು ಕೈಯನ್ನು ಸೆರಗಿಗೆ ಒರೆಸಿಕೊಂಡು ಅವರ ಕೈ ಹಿಡಿದಿದ್ದಳು.

“ನಿನಗೇನು ಹುಚ್ಚ ಹಿಡದೈತೇನು? ನಿನ್ನ ಕಡಿಯವರ ಸುಡತಾರ ನಿನ್ನ.”

“ಸುಡ್ಲಿ. ಆ ಕಾನೂನು ನನಗ ಈಗೂ ಬ್ಯಾಡ. ಮುಂದಿನ ಸಲ ಅದನ್ನ ಕೆಡವಾಕ ನಾನ ಸೂಚನಾ ಮಂಡಸ್ತೀನಿ, ಎಲ್ಲಾರ ಮುಂದ ವಾದ ಮಾಡಿ ಗೆಲ್ತೀನಿ. ಮುದುಕನ ಕುತ್ತಿಗಿ ಕೊಯ್ದು ಗೆದ್ದದ್ದು ಮಾತ್ರ ಒಲ್ಲೆ.”

“ಹುಲಿಗಿ, ನಾಳಿ ಹೋಗಬ್ಯಾಡ. ಜ್ವರ ಬಂದೈತಿ ಅಂತ ಹೇಳಿಬಿಡ್ತೀನಿ.”

“ನನ್ನ ಮೈ ಎಷ್ಟು ಬೆಚ್ಚಗೈತಿ ಅಂತ ನಿಮ್ಮ ಫಲಕದಾಗ ಕಾಣ್ತೈತೆಲ್ರಿ. ಸರ್ಕಾರಿ ಪಗಾರ ತಗೊಂಡು ಹೆಂಡ್ತಿ ಎದಿಬಡಿತ ನೋಡಾಂವ ನೀವೊಬ್ರ,” ಎಂದು ಅವಳು ನಕ್ಕಳು. ಅವನಿಗೆ ನಗು ಬರಲಿಲ್ಲ. ಹೆಂಡತಿಯ ಮೇಲೆ ಅವನಿಗಿದ್ದ ಪ್ರೀತಿಯಲ್ಲಿ ಅರ್ಧಕ್ಕರ್ಧ ಅಂಜಿಕೆಯೇ ಆಗಿಹೋಗಿತ್ತು.

ಮರುದಿನ ಸದನದ ಗೇಟಿನ ಮುಂದೆ ಬಂಡೆಪೇಟೆಗೆ ಬಂಡೆಪೇಟೆಯೇ ನೆರೆದಿತ್ತು. ಗಂಡಸರ ಕೈಯಲ್ಲಿ ಉಳಿ, ಸುತ್ತಿಗೆ. ಹೆಂಗಸರ ಸೆರಗಿನಲ್ಲಿ ಕಲ್ಲು. ಕೆಂಪು ದೀಪದ ಯಾವ ಸದಸ್ಯ ಬಂದರೂ ಕಲ್ಲು ಬೀಳುತ್ತಿತ್ತು. ಮಾರ್ಷಲ್‌ಗಳು ಲಾಠಿ ಬೀಸಿದರು. ಒಬ್ಬ ಹುಡುಗಿಯ ಹಲ್ಲುದುರಿತು, ಒಬ್ಬ ಮಾರ್ಷಲ್‌ನ ಹಣೆ ಸೀಳಿತು. ಒಂದು ಕೆಂಪು ದೀಪ ಆರಿದರೆ ಸಾಕು, ಊರು ಉಳಿಯುತ್ತದೆ. ಅಲ್ಲಿದ್ದ ಒಬ್ಬೊಬ್ಬರ ತಲೆಯಲ್ಲೂ ಇದೊಂದೇ ಲೆಕ್ಕ ಕುದಿಯುತ್ತಿತ್ತು. ಅವರು ಕೆಟ್ಟವರಾಗಿರಲಿಲ್ಲ. ಹೀಗೆ ಲೆಕ್ಕ ಹಾಕಲು ಅವರಿಗೆ ಕಲಿಸಿದ್ದು ನಮ್ಮ ಸದನವೇ.

ಹುಲಿಗೆಮ್ಮ ಗಾಡಿಯಿಂದ ಇಳಿದಾಗ ಒಳಗೆ ಗಂಟೆ ಹೊಡೆಯತೊಡಗಿತ್ತು. ಮತವಿಭಜನೆಯ ಗಂಟೆ ನಿಂತೊಡನೆ ಬಾಗಿಲುಗಳಿಗೆ ಬೀಗ ಬೀಳುತ್ತದೆ. ಆಮೇಲೆ ಯಾರೂ ಒಳಗೆ ಹೋಗುವಂತಿಲ್ಲ, ಹೊರಗೆ ಬರುವಂತಿಲ್ಲ. ಅವಳು ಓಡಿದಳು. ಅಡ್ಡ ನಿಂತವನು ಹುಸೇನಪ್ಪ.

“ದಾರಿ ಬಿಡು ತಮ್ಮಾ, ಗಂಟಿ ನಿಲ್ತೈತಿ.”

“ನಮ್ಮನಿ ಬೀಳಸಾಕ ಇಷ್ಟು ಅವಸರೇನಬೇ ನಿನಗ?”

“ಹುಸೇನಪ್ಪ, ನನ್ನ ಒಳಗ ಬಿಡು. ನಿಂಗ ಕೈ ಮುಗೀತೀನಿ.”

ಅವನು ಅಳುತ್ತಿದ್ದ. ಅಳುತ್ತಲೇ ಉಳಿಯನ್ನು ಅವಳ ಹೊಟ್ಟೆಗೆ ಹಾಕಿದ. ಕಲ್ಲು ಕಡಿಯುವ ಉಳಿ ಚಾಕುವಿನ ಹಾಗೆ ಹೋಗುವುದಿಲ್ಲ, ಹರಿದುಕೊಂಡು ಹೋಗುತ್ತದೆ. ಜನ ಒಂದು ಗಳಿಗೆ ಹಿಂದೆ ಸರಿದರು, ಅವಳು ಬೀಳಲೆಂದು. ಅವಳು ಬೀಳಲಿಲ್ಲ. ಸೆರಗನ್ನು ಹೊಟ್ಟೆಗೆ ಬಿಗಿದು ಸುತ್ತಿ, ಅದರ ಮೇಲೆ ಕೈಚೀಲ ಒತ್ತಿ ಹಿಡಿದು ಮೆಟ್ಟಿಲು ಹತ್ತಿದಳು. ಅವಳು ಒಳಗೆ ಕಾಲಿಟ್ಟ ಮೇಲೆ ಬಾಗಿಲು ಮುಚ್ಚಿತು.

ನಾಡಿಕೋಣೆಯ ಗಾಜಿನಿಂದ ಅಮರೇಶನಿಗೆ ಇಡೀ ಸದನ ಕಾಣುತ್ತಿತ್ತು. ಫಲಕದಲ್ಲಿ ಅವಳ ನಾಡಿ ಕುದುರೆಯಂತೆ ಓಡುತ್ತಿತ್ತು. ಓಡಿ ಬಂದದ್ದಕ್ಕಿರಬೇಕು ಎಂದುಕೊಂಡ. ಅವಳು ಎದ್ದು ನಿಂತಾಗ ಬೆಂಚಿನ ಹಾಸು ರಕ್ತದಿಂದ ಕಪ್ಪಾಗಿದ್ದದ್ದು ಕಂಡು ಅವನು ಗಾಜಿಗೆ ಹಣೆ ಒತ್ತಿದ.

“ಮಾನ್ಯ ಸಭಾಧ್ಯಕ್ಷರೇ,” ಎಂದಳು ಹುಲಿಗೆಮ್ಮ. ಧ್ವನಿ ಸಣ್ಣದಾಗಿತ್ತು, ಆದರೆ ನಡುಗಲಿಲ್ಲ. “ಊರಡಿ ಗಣಿ ನಿಷೇಧ ಕಾನೂನಿನ ಮಟ್ಟಿಗೆ ನಾನು ಮೌನೇಶಪ್ಪನವರ ಜೋಡಿ. ನನ್ನ ಮತವನ್ನು ಸುಮ್ಮನಾಗಿಸಬೇಕೆಂದು ಸೂಚಿಸುತ್ತೇನೆ.”

ಅವಳ ಕಡೆಯವರು ಒಮ್ಮೆಲೇ ಹುಯ್ಯಲಿಟ್ಟರು. “ದ್ರೋಹಿ! ಕ್ಯಾಂಪಿನ ಕೂಳು ಕಿತ್ತಿ!” ಹಿಂದಿನ ಸಾಲಿನಿಂದ ಒಬ್ಬ ಮೈಕನ್ನು ಬುಡಸಮೇತ ಕಿತ್ತು ಎಸೆದ. ಅದು ಅವಳ ಹುಬ್ಬಿಗೆ ಬಡಿಯಿತು. ಅವಳು ಮೇಜು ಹಿಡಿದು ನಿಂತೇ ಇದ್ದಳು.

ಸಭಾಧ್ಯಕ್ಷ ದೇವೀಂದ್ರಪ್ಪನವರು ಕನ್ನಡಕ ಸರಿಮಾಡಿಕೊಂಡು ಕೇಳಿದರು, “ಅನುಮೋದಕರು ಯಾರಾದರೂ ಇದ್ದಾರೆಯೇ?”

ಹಸಿರು ಕಡೆಯ ಮುಖಂಡ ಜಂಬನಗೌಡ. ಅವನು ಎದ್ದರೆ ಸಾಕಿತ್ತು. ಅವನ ಹಿಂದೆ ಕೂತ ಯಾರೇ ಎದ್ದರೂ ಸಾಕಿತ್ತು. ಎಲ್ಲರೂ ಅವನ ಮುಖ ನೋಡಿದರು. ಅವನು ಹುಲಿಗೆಮ್ಮನನ್ನು ನೋಡಲಿಲ್ಲ, ಅವಳ ಕಾಲ ಕೆಳಗೆ ಹನಿಯುತ್ತಿದ್ದ ರಕ್ತ ನೋಡಿದ. ಆಮೇಲೆ ತಲೆಯೆತ್ತಿ, ಸದನದ ಗೋಡೆಯ ಮೇಲಿದ್ದ ಫಲಕ ನೋಡಿದ. ಜೋಡಿಯಾದರೆ ಕೆಂಪು ದೀಪ ಹಳದಿಯಾಗುತ್ತದೆ, ಆ ಅಧಿವೇಶನದ ಮಟ್ಟಿಗೆ ಮಾತ್ರ. ಸತ್ತರೆ ಆರುತ್ತದೆ, ಎಂದೆಂದಿಗೂ. ಅವನು ಕೈಕಟ್ಟಿ ಕೂತ.

“ಅನುಮೋದಕರು ಯಾರಾದರೂ ಇದ್ದಾರೆಯೇ?”

“ಸಭಾಧ್ಯಕ್ಷರೇ, ಕ್ರಿಯಾಲೋಪ,” ಎಂದ ಜಂಬನಗೌಡ ಕೂತಲ್ಲಿಂದಲೇ. “ಜೋಡಿಯ ನಿಯಮವನ್ನು ಪೂರ್ತಿ ಓದಿ ಹೇಳಬೇಕು. ನಮ್ಮಲ್ಲಿ ಹೊಸಬರಿದ್ದಾರೆ.”

ಸಭಾಧ್ಯಕ್ಷರು ಓದತೊಡಗಿದರು. ಅಷ್ಟರಲ್ಲಿ ಹುಲಿಗೆಮ್ಮ ಕುಸಿದಳು. ಕೈಚೀಲ ಜಾರಿಬಿದ್ದು ಸೆರಗು ಬಿಚ್ಚಿಕೊಂಡಾಗ ಏನಾಗಿದೆಯೆಂದು ಇಡೀ ಸದನಕ್ಕೆ ತಿಳಿಯಿತು. ಆಗ ನಡೆದದ್ದನ್ನು ಬರೆಯಲು ನನಗೆ ಅಸಹ್ಯವಾಗುತ್ತದೆ, ಆದರೂ ಬರೆಯುತ್ತೇನೆ. ಒಂದು ಗಳಿಗೆ ಹಿಂದೆ ಅವಳ ಮೇಲೆ ಮೈಕು ಎಸೆದವನೇ ಬೆಂಚು ಹಾರಿ ಓಡಿಬಂದ. ತನ್ನ ಶಾಲನ್ನು ಉಂಡೆಮಾಡಿ ಗಾಯಕ್ಕೆ ತುರುಕಿ ಎರಡೂ ಕೈಯಿಂದ ಒತ್ತಿ ಹಿಡಿದ. ಜೋಡಿ ಬಿದ್ದುಹೋಗುತ್ತಿದೆ, ಇವಳು ಬದುಕಿದ್ದರೆ ಮೂವತ್ತು ಮೂವತ್ತು, ಕಾನೂನು ಬೀಳುತ್ತದೆ! “ಡಾಕ್ಟರನ್ನ ಕರೀರಿ! ಬಾಗಲಾ ತಗೀರಿ!” ಎಂದು ಕೆಂಪು ಕಡೆಯವರು ಕಿರುಚಿದರು. “ಎಣಿಕೆ ಮುಗಿಯೂತನಕ ಬಾಗಿಲು ತೆರೆಯುವಂತಿಲ್ಲ! ನಿಯಮ! ನಿಯಮ!” ಎಂದು ಹಸಿರು ಕಡೆಯವರು ಮೇಜು ಗುದ್ದಿದರು. ಒಬ್ಬ ಹಸಿರು ಸದಸ್ಯ ಗಾಯ ಒತ್ತಿದವನ ಕೂದಲು ಹಿಡಿದು ಜಗ್ಗಿದ. ಇನ್ನೊಬ್ಬ ಅವನ ಮೂಗಿಗೆ ಗುದ್ದಿದ. ಚಪ್ಪಲಿ, ಕುರ್ಚಿಯ ಕಾಲು, ನೀರಿನ ಜಗ್ಗು ಎಲ್ಲ ಹಾರಾಡಿದವು. ಸಾಯುವವಳ ಮೈಮೇಲೆಯೇ ಎರಡು ಪಕ್ಷಗಳೂ ಬಿದ್ದು ಹೊಡೆದಾಡಿದವು, ಒಂದು ಅವಳು ಬದುಕಲೆಂದು, ಇನ್ನೊಂದು ಸಾಯಲೆಂದು. ಇಬ್ಬರಿಗೂ ಅವಳು ಬೇಕಾಗಿರಲಿಲ್ಲ.

ಸಭಾಧ್ಯಕ್ಷರು ಓದುವುದನ್ನು ಮುಗಿಸಿ ಮೂರನೆಯ ಸಲ ಕೇಳಿದರು. ಯಾರೂ ಏಳಲಿಲ್ಲ. ಸೂಚನೆ ಬಿತ್ತು.

“ನಾಡಿಕೋಣೆ, ಎಣಿಕೆ ಕಳಿಸಿ.”

ಅಮರೇಶ ಫಲಕ ನೋಡಿದ. ಅವಳ ನಾಡಿ ತೆಳ್ಳಗಾಗಿ ತಪ್ಪಿ ತಪ್ಪಿ ಬರುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಕಳಿಸಿದರೆ ಸರಿಸಮ. ಸಭಾಧ್ಯಕ್ಷರು ಎದ್ದು ಸಂಪ್ರದಾಯದ ಭಾಷಣ ಮಾಡಿ ನಿರ್ಣಾಯಕ ಮತ ಹಾಕಬೇಕು, ಆ ತನಕ ಬಾಗಿಲಿಗೆ ಬೀಗ. ಅಷ್ಟು ಹೊತ್ತು ಅವಳಿಗಿಲ್ಲ. ಕಾನೂನೂ ಬೀಳುತ್ತದೆ, ಅವ್ವನ ಮನೆಯೂ ಬೀಳುತ್ತದೆ, ಇವಳು ಹೊಟ್ಟೆ ಹರಿಸಿಕೊಂಡು ಬಂದದ್ದೂ ವ್ಯರ್ಥ. ಒಂದು ದೀಪ ಕಡಿಮೆಯಾದರೆ ಮಾತ್ರ ಆ ಗಳಿಗೆಯಲ್ಲೇ ಫಲಿತಾಂಶ, ಆ ಗಳಿಗೆಯಲ್ಲೇ ಬಾಗಿಲು ತೆರೆಯುತ್ತದೆ. ಸದನದ ಡಾಕ್ಟರು ಬಾಗಿಲ ಹೊರಗೇ ನಿಂತಿದ್ದಾರೆ.

ಅವನು ಫಲಕದ ಹಿಂದೆ ಕೈ ಹಾಕಿ ಹೆಂಡತಿಯ ದೀಪದ ತಂತಿ ಕಿತ್ತ. ದೀಪ ಆರಿತು. ಹೌದು ಮೂವತ್ತು, ಇಲ್ಲ ಇಪ್ಪತ್ತೊಂಬತ್ತು. ಎಣಿಕೆ ಕಳಿಸಿ ಮೆಟ್ಟಿಲಿನ ಕಡೆ ಓಡಿದ.

ಕೆಳಗೆ ಬಾಗಿಲು ತೆರೆಯಿತು. ಅದೇ ಹೊತ್ತಿಗೆ ಗಾಯ ಒತ್ತಿ ಹಿಡಿದಿದ್ದವನು ಮುರಿದ ಮೂಗಿನಿಂದ ರಕ್ತ ಸುರಿಸುತ್ತ ಗೋಡೆಯ ಫಲಕ ನೋಡಿದ. ದೀಪ ಆರಿದ್ದು ಕಂಡು ಕೈ ತೆಗೆದ. ತನ್ನ ಶಾಲನ್ನೂ ಎಳೆದುಕೊಂಡ. ಹೊಡೆದಾಟ ನಿಂತಿತು; ಇನ್ನು ಹೊಡೆದಾಡಲು ಏನೂ ಉಳಿದಿರಲಿಲ್ಲ. ಸ್ಟ್ರೆಚರ್ ತಂದವರು ಕೈಯಲ್ಲಿದ್ದ ಪರದೆ ನೋಡಿದರು. ಅದಕ್ಕೂ ಸುದ್ದಿ ಬರುವುದು ಅದೇ ಫಲಕದಿಂದ. ಅವರು ಅವಳನ್ನು ದಾಟಿ ಮೂಗು ಮುರಿದವನ ಕಡೆ ಹೋದರು. ಒಬ್ಬ ಮಾರ್ಷಲ್ ಮರ್ಯಾದೆಯಿಂದ ಅವಳ ಮುಖಕ್ಕೆ ಬಿಳಿಬಟ್ಟೆ ಮುಚ್ಚಿದ.

ಅಮರೇಶ ಬಂದು ಬಟ್ಟೆ ಕಿತ್ತೆಸೆದ. ಅವಳ ತುಟಿ ಅಲುಗುತ್ತಿತ್ತು.

“ಬದುಕ್ಯಾಳ! ಬರ್ರಿಲೆ ಇಲ್ಲಿ! ಬದುಕ್ಯಾಳ ಆಕಿ!” ಎಂದು ಗಂಟಲು ಹರಿಯುವಂತೆ ಕೂಗಿದ. ಸದಸ್ಯರು ಫಲಕವನ್ನೂ ಅವನನ್ನೂ ನೋಡಿದರು. ಪಾಪ, ದುಃಖ ತಲೆಗೇರಿದೆ ಎಂದುಕೊಂಡಿರಬೇಕು. ಅವನು ಎರಡೂ ಅಂಗೈಯನ್ನು ಗಾಯಕ್ಕೆ ಒತ್ತಿದ. ರಕ್ತ ಬೆರಳಿನ ಸಂದಿಯಿಂದ ಉಕ್ಕುತ್ತಲೇ ಇತ್ತು.

“ಯಾರ ಎದ್ರು?” ಎಂದಳು ಹುಲಿಗೆಮ್ಮ.

“ಜಂಬನಗೌಡ. ಎದ್ದು ಅನುಮೋದಿಸಿದ. ನಿನ್ನ ಮಾತು ನಡೀತು.”

ಅವಳ ಕಣ್ಣು ನಿಧಾನ ಗೋಡೆಯ ಕಡೆ ತಿರುಗಿತು. ತನ್ನ ಹೆಸರಿನ ಮುಂದಿನ ಕತ್ತಲೆಯನ್ನು ಅವಳು ಬಹಳ ಹೊತ್ತು ನೋಡಿದಳು.

“ಹಳದಿ ಇಲ್ಲಲ್ರಿ,” ಎಂದಳು. ಮತ್ತೆ ಮಾತಾಡಲಿಲ್ಲ. ಡಾಕ್ಟರು ಕೊನೆಗೂ ಬಂದು ಕೊರಳು ಮುಟ್ಟಿ ನೋಡುವಾಗ ಫಲಕ ಹೇಳಿದ್ದು ನಿಜವಾಗಿಬಿಟ್ಟಿತ್ತು.

ಹೊರಗೆ ಪಟಾಕಿ ಹಚ್ಚಿದ್ದರು. ಕಾನೂನು ನಿಂತಿತು ಎಂಬ ಸುದ್ದಿ ಗೇಟು ದಾಟಿತ್ತು. ಅಮರೇಶ ಹೆಂಡತಿಯನ್ನು ಎತ್ತಿಕೊಂಡು ಮೆಟ್ಟಿಲಿಳಿದು ಬಂದಾಗ ಜನ ಎರಡು ಕಡೆಗೆ ಸರಿದು ದಾರಿ ಬಿಟ್ಟರು. ಕೇಕೆ ಅಲ್ಲಲ್ಲಿ ನಿಂತಿತು. ಪೊಲೀಸರು ಹುಸೇನಪ್ಪನನ್ನು ಹಿಡಿದು ಕಂಬಕ್ಕೆ ಕಟ್ಟಿದ್ದರು. ಮುಖ ಬಾತು ಒಂದು ಕಣ್ಣು ಮುಚ್ಚಿಹೋಗಿತ್ತು. ಅವನು ತಪ್ಪಿಸಿಕೊಳ್ಳಲು ನೋಡಿರಲಿಲ್ಲ.

“ಅಮರೇಶಣ್ಣ, ನನ್ನ ಕೊಂದುಬಿಡು,” ಎಂದ. “ಊರು ಉಳೀಲಿ ಅಂತ ಮಾಡಿದೆ. ಕೊಂದುಬಿಡು.”

ಅಮರೇಶನಿಗೆ ಕೊಲ್ಲಬೇಕೆನಿಸಿತು. ಆ ಉಳಿ ಅಲ್ಲೇ ಕಾಲ ಬಳಿ ಬಿದ್ದಿತ್ತು. ಆದರೆ ಅವನ ಎರಡು ಕೈಯಲ್ಲೂ ಅವಳಿದ್ದಳು.

“ಆಕಿ ಆ ಓಟು ನಿಮಗ ಕೊಡಾಕ ಬಂದಿದ್ಲು,” ಎಂದ. “ಮೌನೇಶಪ್ಪಗ ಜೋಡಿ ಆಕೀನ.”

ಹುಸೇನಪ್ಪ ತೆರೆದಿದ್ದ ಒಂದು ಕಣ್ಣಿನಿಂದ ಅವನನ್ನು ನೋಡಿದ.

“ಹೇಳಬೇಕಿತ್ತಲ್ಲ ಯಕ್ಕಾ,” ಎಂದು ಹೆಣದ ಕಡೆ ನೋಡಿ ಅಂದ. “ಒಂದು ಮಾತು ಹೇಳಬೇಕಿತ್ತಲ್ಲ.”

“ಹೇಳಾಕ ಒಳಗ ಹೊಂಟಿದ್ಲು,” ಎಂದ ಅಮರೇಶ.